ಸಿಡಿಮರಿಯ ಎದುರಾಳಿ

ನನ್ನ ಅಕ್ಕನಷ್ಟು ಮೊಂಡು ಹೆಂಗಸನ್ನು ನಾನು ಇನ್ನೂ ಕಂಡಿಲ್ಲ. ನಾನೇನೂ ಸಾಧು ಪ್ರಾಣಿಯಲ್ಲ. ಬಟ್ಟೆ ಹೊಲಿಸಲು ಬರುವವರು ಅಳತೆ ಕೊಡುವ ಮೊದಲು ನನ್ನ ಮುಖ ಹೇಗಿದೆ ಅಂತ ನೋಡಿಕೊಳ್ಳುತ್ತಾರೆ. ಆದರೆ ನನ್ನದು ಬರೀ ಸಿಟ್ಟು, ಹಾಲಿನ ಹಾಗೆ ಉಕ್ಕಿ ಇಳಿದುಹೋಗುತ್ತದೆ. ಅವಳದು ಹಟ. ದನಿ ಏರಿಸುವುದಿಲ್ಲ, ಕಣ್ಣು ಕೆಂಪಗೆ ಮಾಡುವುದಿಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ.

ಅಕ್ಕನ ಕಸುಬು ಕಾರ್ಟೂನುಗಳಿಗೆ ದನಿ ಕೊಡುವುದು. ಒಂದು ಕಾಲದಲ್ಲಿ ‘ಸಿಡಿಮರಿ’ ಅನ್ನುವ ಸರಣಿ ಟೀವಿಯಲ್ಲಿ ಬರುತ್ತಿತ್ತು. ಅಂಗೈಯಗಲದ ಹುಡುಗ, ಸಿಟ್ಟು ಬಂದರೆ ಮಿಂಚಾಗಿ ಆಕಾಶಕ್ಕೆ ನೆಗೆದು ದುಷ್ಟರ ತಲೆಯ ಮೇಲೆ ಬೀಳುವವನು. ಭಯವೆಂದರೆ ಏನೆಂದು ಅವನಿಗೆ ಗೊತ್ತಿಲ್ಲ. ಆ ಹುಡುಗ ಮಾತಾಡುತ್ತಿದ್ದದ್ದು ನಮ್ಮಕ್ಕನ ಗಂಟಲಿನಿಂದ. ಅವನು ತೆರೆಯ ಮೇಲೆ ಬಂದರೆ ಬೀದಿಯಲ್ಲಿ ಒಂದು ಮಗುವೂ ಇರುತ್ತಿರಲಿಲ್ಲ. ಗುರುತಿಲ್ಲದ ತಾಯಂದಿರು ಫೋನು ಮಾಡಿ, “ಅಮ್ಮಾ, ನಮ್ಮವನು ಊಟ ಮುಟ್ತಿಲ್ಲ, ಸಿಡಿಮರಿ ಒಂದು ಮಾತು ಹೇಳಿದ್ರೆ ತಿಂತಾನೆ” ಅನ್ನುತ್ತಿದ್ದರು. ಅಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು, ಹುಡುಗನ ದನಿಯಲ್ಲಿ, “ತಟ್ಟೆ ಖಾಲಿ ಮಾಡೋ, ಇಲ್ಲಾಂದ್ರೆ ಬಂದುಬಿಡ್ತೀನಿ” ಅಂತ ಗದರಿಸುತ್ತಿದ್ದಳು.

ಸರಣಿ ನಿಂತಿತು. ಮಕ್ಕಳು ದೊಡ್ಡವರಾದರು. ಅಕ್ಕನಿಗೆ ಸಿಕ್ಕಿದ ಕೆಲಸವೆಂದರೆ ಲಿಫ್ಟಿನೊಳಗೆ “ಬಾಗಿಲು ಮುಚ್ಚುತ್ತಿದೆ” ಅನ್ನುವುದು, ಬ್ಯಾಂಕಿನಲ್ಲಿ ಟೋಕನ್ ಸಂಖ್ಯೆ ಕೂಗುವುದು. ಒಮ್ಮೆ ಇಬ್ಬರೂ ಬ್ಯಾಂಕಿನ ಬೆಂಚಿನ ಮೇಲೆ ಕಾಯುತ್ತಿದ್ದೆವು. ಮೇಲಿಂದ ಅವಳದೇ ದನಿ ಒಂದೊಂದೇ ಸಂಖ್ಯೆ ಕರೆಯುತ್ತಿತ್ತು. “ಇವಳು ಯಾರೇ, ನಮ್ಮ ಸರದಿ ಬಿಟ್ಟು ಊರವರನ್ನೆಲ್ಲ ಕರೀತಾಳೆ?” ಅಂದಳು ಅಕ್ಕ. ನಾನು ನಕ್ಕೆ. ಅವಳು ನಗಲಿಲ್ಲ. ಸಿಡಿಮರಿ ಮತ್ತೊಮ್ಮೆ ತನ್ನ ಗಂಟಲಿನಿಂದ ಮಾತಾಡಬೇಕು ಅನ್ನುವ ಆಸೆಯೊಂದನ್ನು ಅವಳು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಸುದ್ದಿ ಬಂತು: ಸಿಡಿಮರಿ ಹೊಸದಾಗಿ ಬರುತ್ತಿದ್ದಾನೆ. ಹೊಸ ಚಿತ್ರ, ಹೊಸ ಕಥೆ, ಹೊಸ ದನಿ. ಅಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ. ಮುಂಚಿತವಾಗಿ ಒಂದು ತುಣುಕು ಹೊರಗೆ ಬಿಟ್ಟರು. ಯಾರೋ ಹುಡುಗಿ ಸಿಡಿಮರಿಗೆ ದನಿ ಕೊಟ್ಟಿದ್ದಳು. ಹಳೆಯದನ್ನು ನೋಡಿ ಬೆಳೆದವರು, ಈಗ ಕಿವಿಯ ಹತ್ತಿರ ಕೂದಲು ನರೆತವರು, ಹಿಡಿಶಾಪ ಹಾಕಿದರು. “ಹಳೇ ಸಿಡಿಮರಿಯ ಕಾಲಿನ ಧೂಳಿಗೂ ಇದು ಸಮ ಅಲ್ಲ” ಅಂತ ಒಬ್ಬ ಬರೆದ. ಅದನ್ನು ನಾನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು.

ವಾಹಿನಿಯವರು ಹೆದರಿದರು. ನಿರ್ದೇಶಕ ನಮ್ಮ ಮನೆ ಹುಡುಕಿಕೊಂಡು ಬಂದ. ಚಿಕ್ಕ ವಯಸ್ಸು, ಹಳೆಯ ಸಿಡಿಮರಿಯನ್ನು ಕಂಠಪಾಠ ಮಾಡಿದವನು. “ಅಮ್ಮಾ, ತಪ್ಪಾಯ್ತು. ನೀವಿಲ್ಲದೆ ಅವನಿಲ್ಲ. ಆ ಹುಡುಗಿ ದನಿ ತೆಗೆದು ನಿಮ್ಮದು ಹಾಕ್ತೀವಿ, ಬನ್ನಿ” ಅಂದ.

“ಈಗ ಬುದ್ಧಿ ಬಂತಾ?” ಅಂತ ನಾನು ಬಾಯಿ ಹಾಕಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ. “ಹದಿನೈದು ದಿನ ಕೊಡಪ್ಪ, ಗಂಟಲು ತುಕ್ಕು ಹಿಡಿದಿದೆ” ಅಂದಳು.

ಆ ಹದಿನೈದು ದಿನ ನಮ್ಮ ಮನೆಯಲ್ಲಿ ನಡೆದದ್ದು ತಪಸ್ಸೇ. ಕರಿದದ್ದು ಬಂದ್, ಹುಳಿ ಬಂದ್, ತಣ್ಣೀರು ಬಂದ್. ಬೆಳಿಗ್ಗೆ ಎದ್ದರೆ ತಲೆಗೆ ಟವೆಲು ಮುಚ್ಚಿಕೊಂಡು ಹಬೆ. ಆಮೇಲೆ ಮಲಗುವ ತನಕ ಹುಡುಗನ ದನಿಯಲ್ಲೇ ಮಾತು. ತರಕಾರಿಯವನ ಹತ್ತಿರ ಆ ದನಿಯಲ್ಲೇ ಚೌಕಾಸಿ. ಅವನು ಹಿಂದೆ ಮುಂದೆ ನೋಡಿ ಮಗುವನ್ನು ಹುಡುಕಿದ. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ನನ್ನನ್ನು ತಡೆದು, “ನಿಮ್ಮ ಮನೇಲಿ ಯಾರದೋ ಹುಡುಗ ಇದಾನಲ್ಲ, ಏನು ಬಾಯಿರೀ ಅವನಿಗೆ!” ಅಂದಳು. ಮೊದಮೊದಲು ದನಿ ಒಡೆಯುತ್ತಿತ್ತು, ಅಕ್ಕ ಕೆಮ್ಮಿ ಕೆಮ್ಮಿ ಕೂತುಬಿಡುತ್ತಿದ್ದಳು. “ಸಾಕು ಬಿಡೇ, ರಕ್ತ ಬಂದೀತು” ಅಂದರೆ ಕೈಯಾಡಿಸಿ ಮತ್ತೆ ಮೊದಲಿಂದ. ಕೊನೆಗೊಂದು ದಿನ ನಾನು ಹೊಲಿಗೆ ಮೆಷಿನ್ ತುಳಿಯುತ್ತಿದ್ದಾಗ ಹಿಂದಿನಿಂದ ಸಿಡಿಮರಿಯೇ ನಕ್ಕ. ಮೈ ಜುಂ ಅಂದಿತು. ಸೂಜಿ ಬಟ್ಟೆ ಬಿಟ್ಟು ಎಲ್ಲಿಗೋ ಹೋಗಿತ್ತು.

ಸ್ಟುಡಿಯೋಗೆ ಅವಳ ಜೊತೆ ನಾನೂ ಹೋದೆ. ಗಾಜಿನ ಆಚೆ ಮೈಕಿನ ಮುಂದೆ ಅಕ್ಕ. ಈಚೆ ನಿರ್ದೇಶಕ, ರೆಕಾರ್ಡಿಂಗ್ ಮಾಡುವವನು, ನಾನು. ಮೂಲೆಯಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಒಬ್ಬಳು ತೆಳ್ಳನೆಯ ಹುಡುಗಿ ಕೂತಿದ್ದಳು. ತುಣುಕಿನಲ್ಲಿ ಸಿಡಿಮರಿಗೆ ದನಿ ಕೊಟ್ಟವಳು ಅವಳೇ. ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಸಣ್ಣಪುಟ್ಟ ದನಿಗಳಿಗೆ ಇರಲಿ ಅಂತ ಕರೆಸಿದ್ದರಂತೆ. ಗಾಯದ ಮೇಲೆ ಬರೆ ಅಂದರೆ ಇದೇ. ಆದರೂ ಅವತ್ತು ನನಗೆ ಪಾಪ ಅನ್ನಿಸಲಿಲ್ಲ.

ಪರದೆಯ ಮೇಲೆ ಹೊಸ ಸಿಡಿಮರಿ ಬಾಯಿ ತೆರೆದ. ಅಕ್ಕ ಮಾತಾಡಿದಳು. ಅಬ್ಬಾ! ಅದೇ ಹುಡುಗ, ಅದೇ ಪೊಗರು. ಒಂದು ಅಕ್ಷರ ತುಟಿಯಿಂದ ಆಚೀಚೆ ಹೋಗಲಿಲ್ಲ. ನಿರ್ದೇಶಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಾನಂತೂ ಎಲ್ಲರೂ ನೋಡಲಿ ಅಂತ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ಹಾಕು, ನೋಡೋಣ” ಅಂದಳು ಅಕ್ಕ. ಹಾಕಿದರು. “ಇನ್ನೊಂದ್ಸಲ.” ಮತ್ತೆ ಹಾಕಿದರು. ಅವಳ ಹುಬ್ಬು ಗಂಟಿಕ್ಕಿತ್ತು. “ದನಿ ತೆಗೆದು ಬರೀ ಚಿತ್ರ ಹಾಕು.” ಸದ್ದಿಲ್ಲದೆ ಹುಡುಗ ತೆರೆಯ ಮೇಲೆ ಮಾತಾಡಿದ. ಅಕ್ಕ ಗಾಜಿನ ಕೋಣೆಯಿಂದ ಹೊರಗೆ ಬಂದಳು.

“ಇವನು ಮಾತಾಡೋ ಮುಂಚೆ ಪ್ರತಿ ಸಲ ಎಂಜಲು ನುಂಗ್ತಾನೆ. ಭುಜ ಒಂಚೂರು ಮೇಲೆ ಹೋಗುತ್ತೆ. ಯಾಕೆ?”

ನಿರ್ದೇಶಕ ತಲೆ ಕೆರೆದುಕೊಂಡು ವಿವರಿಸಿದ. ಹಳೆಯ ಸಿಡಿಮರಿಯ ಚಿತ್ರ ಎಲ್ಲಿಂದಲೋ ಸಿದ್ಧವಾಗಿ ಬರುತ್ತಿತ್ತು. ಆ ಬಾಯಿಗೆ ಅಕ್ಕ ಮಾತು ಕೂರಿಸುತ್ತಿದ್ದಳು. ಈಗ ಕೆಲಸ ತಿರುಗುಮುರುಗು. ಮೊದಲು ದನಿ, ಆಮೇಲೆ ಚಿತ್ರ. ಚಿತ್ರ ಬರೆಯುವವರು ಗುಬ್ಬಿಯ ದನಿ ಕೇಳಿಕೇಳಿ ಒಂದೊಂದು ಉಸಿರಿಗೂ ಹುಡುಗನ ಮುಖ ಬರೆದಿದ್ದರು. ಅವಳು ಹೆದರಿ ನುಂಗಿದಲ್ಲೆಲ್ಲ ಅವನೂ ನುಂಗುತ್ತಿದ್ದ.

“ಅದೇನೂ ಕಾಣಲ್ಲ ಅಮ್ಮಾ, ನಿಮ್ಮ ದನಿ ಬಂದ್ರೆ ಯಾರು ಭುಜ ನೋಡ್ತಾರೆ?” ಅಂದ ಅವನು.

“ನಾನು ನೋಡ್ತೀನಲ್ಲಪ್ಪ” ಅಂದಳು ಅಕ್ಕ. ಆಮೇಲೆ ಮೂಲೆಗೆ ತಿರುಗಿದಳು. “ಏ ಗುಬ್ಬಿ, ತುಣುಕಲ್ಲಿ ನನ್ನ ಹಾಗೆ ಯಾಕೆ ಮಾತಾಡಿದೆ?”

ಹುಡುಗಿ ಎದ್ದು ನಿಂತಳು. “ಹಾಗೇ ಮಾತಾಡು ಅಂದ್ರು ಅಮ್ಮಾ. ನಿಮ್ಮ ಹಳೇದನ್ನೆಲ್ಲ ಕೇಳಿಸಿ, ಹೀಗೇ ಬರಬೇಕು ಅಂದ್ರು.”

“ನನ್ನ ಹಾಗೆ ಮಾತಾಡೋಕೆ ನಾನಿನ್ನೂ ಸತ್ತಿಲ್ಲ. ದನಿ ನಂದು ಕದ್ದೆ, ಉಸಿರು ನಿಂದೇ ಉಳೀತು. ಅದಕ್ಕೇ ಜನ ಮೂಗು ಮುರಿದ್ರು.” ಅಕ್ಕ ಪರದೆಯ ಹತ್ತಿರ ಹೋಗಿ ಆ ಪುಟ್ಟ ಮುಖವನ್ನೇ ನೋಡುತ್ತ ನಿಂತಳು. “ನನ್ನ ಸಿಡಿಮರಿಗೆ ಹೆದರಿಕೆ ಅನ್ನೋದೇ ಇರಲಿಲ್ಲ. ಇವನು ಹೆದರ್ಕೊಂಡೇ ಹಾರ್ತಾನೆ. ಇವನು ನನ್ನ ಮಗ ಅಲ್ಲ, ಅವಳ ಮಗ. ನಾನು ಇವನಿಗೆ ದನಿ ಕೊಡಲ್ಲ.”

ಕಡ್ಡಿ ಮುರಿದ ಹಾಗೆ ಹೇಳಿದಳು. ನಿರ್ದೇಶಕನ ಮುಖ ಬಿಳಿಚಿಕೊಂಡಿತು. “ಅಮ್ಮಾ, ನೀವು ಬರ್ತೀರಿ ಅಂತ ವಾಹಿನಿಯವರು ಊರಿಗೆಲ್ಲ ಹೇಳಿಬಿಟ್ಟಿದಾರೆ. ಈಗ ಇಲ್ಲ ಅಂದ್ರೆ ಸರಣೀನೇ ನಿಲ್ಲಿಸ್ತಾರೆ.”

“ಬರಲ್ಲ ಅಂತ ಯಾರು ಹೇಳಿದ್ರು? ಹೆದರೋ ಹುಡುಗನ್ನ ಮಾಡಿದೀರ, ಹೆದರಿಸೋರು ಎಲ್ಲಿ? ಖಳನಾಯಕ ಯಾರು?”

ಖಳನಾಯಕ ಮುಂದಿನ ಕಂತುಗಳಲ್ಲಿ ಬರಬೇಕಿತ್ತು. ದನಿಯೂ ಆಗಿರಲಿಲ್ಲ, ಚಿತ್ರವೂ ಆಗಿರಲಿಲ್ಲ. ತುಕ್ಕಾಸುರ ಅಂತ ಹೆಸರು, ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತದೆ, ಗುಡುಗಿನಂಥ ದನಿ.

“ಗುಡುಗಿಗೆ ಈಗಿನ ಮಕ್ಕಳು ಹೆದರಲ್ಲ. ಅಸುರನ್ನ ತೆಗೆದು ಅಜ್ಜಿ ಮಾಡಿ. ಅವಳು ನಾನು” ಅಂದಳು ಅಕ್ಕ.

ಮನೆಗೆ ಬರುವ ದಾರಿಯಲ್ಲಿ ನಾನು ಬಸ್ಸಿನಲ್ಲೇ ಜಗಳ ತೆಗೆದೆ. ಅಕ್ಕಪಕ್ಕದವರು ನೋಡಿದರೆ ನೋಡಲಿ. “ಕೈಗೆ ಬಂದ ತುತ್ತನ್ನ ಯಾರಾದ್ರೂ ತಾವಾಗೇ ಚೆಲ್ತಾರಾ? ಎಷ್ಟು ವರ್ಷ ಕಾದೆ ಇದಕ್ಕೆ! ಹದಿನೈದು ದಿನ ಗಂಟಲು ಹರ್ಕೊಂಡಿದ್ದು ಯಾವ ಸುಖಕ್ಕೆ?”

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣೇ.”

“ಹಾಗಂತ ಅತ್ತೆಯೇ ಬೀಗದಕೈ ಎಸೆದು ಹೋಗ್ತಾಳಾ?”

“ಎಸೆದಿಲ್ಲ. ಸೊಸೆಗೆ ಮನೆ ನಡೆಸೋಕೆ ಬರುತ್ತಾ ಇಲ್ವಾ ನೋಡ್ತೀನಿ” ಅಂದು ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ನನಗೆ ಇನ್ನೂ ಸಿಟ್ಟು ಬಂತು. ಅಷ್ಟು ನೋವಾಗುವುದಾದರೆ ಬಿಟ್ಟುಕೊಟ್ಟದ್ದೇಕೆ? ಆ ಹೊಸ ಸಿಡಿಮರಿಯ ಮುಖ ಜನ್ಮದಲ್ಲಿ ನೋಡುವುದಿಲ್ಲ ಅಂತ ಅಲ್ಲೇ ಆಣೆ ಮಾಡಿದೆ.

ಆಮೇಲೆ ಗುಬ್ಬಿ ನಮ್ಮ ಮನೆಗೆ ಬರತೊಡಗಿದಳು. ಈಗಿನ ಪದ್ಧತಿಯಲ್ಲಿ ಒಬ್ಬೊಬ್ಬರ ದನಿಯನ್ನು ಬೇರೆಬೇರೆ ತೆಗೆದು ಜೋಡಿಸುತ್ತಾರಂತೆ. ಅಕ್ಕ ಅದನ್ನು ಒಪ್ಪಲಿಲ್ಲ. ಎದುರುಬದುರು ನಿಂತೇ ಮಾತಾಡಬೇಕು, ಅದಕ್ಕೆ ಮೊದಲು ಇಲ್ಲಿ ಬಂದು ತಾಲೀಮು ಮಾಡಬೇಕು ಅಂತ ಪಟ್ಟು ಹಿಡಿದಳು. ಅವರಿಬ್ಬರೂ ಒಳಕೋಣೆ ಸೇರಿದರೆ ನಾನು ಬೇಕಂತಲೇ ಮೆಷಿನ್ ಜೋರಾಗಿ ತುಳಿಯುತ್ತಿದ್ದೆ. ಆದರೂ ನಡುನಡುವೆ ಕೇಳುತ್ತಿತ್ತು: “ಧೈರ್ಯ ನಟಿಸ್ಬೇಡ. ಹೆದರು. ಹೆದರಿ ಓಡ್ದೆ ನಿಲ್ಲು, ಅಷ್ಟು ಸಾಕು.” ಒಂದು ದಿನ ಹುಡುಗಿ ಅಳುತ್ತಲೇ ಹೊರಗೆ ಬಂದಳು. ಇನ್ನು ಬರುವುದಿಲ್ಲ ಅಂದುಕೊಂಡೆ. ಮಾರನೆಯ ದಿನ ಕೆಲಸದಾಕೆಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಒಂದು ಮೊಂಡು ಸಾಲದು ಅಂತ ಇನ್ನೊಂದು ಗಂಟುಬಿತ್ತಲ್ಲಪ್ಪ ಅಂತ ಗೊಣಗಿಕೊಂಡು ಚಹಾಕ್ಕೆ ನೀರಿಟ್ಟೆ. ಲೋಟ ಇಡುವಾಗ ಸ್ವಲ್ಪ ಕುಟ್ಟಿಯೇ ಇಟ್ಟೆ. ಅವಳು “ಥ್ಯಾಂಕ್ಸ್ ಚಿಕ್ಕಮ್ಮ” ಅಂದಳು. ಚಿಕ್ಕಮ್ಮನಂತೆ ಚಿಕ್ಕಮ್ಮ!

ಸರಣಿ ಶುರುವಾಯಿತು. ಮೊದಲ ಕಂತುಗಳಿಗೂ ಗುಬ್ಬಿ ತನ್ನದೇ ದನಿಯಲ್ಲಿ ಮತ್ತೆ ಮಾತಾಡಿದ್ದಳಂತೆ. ಜನ ಬೈಯುವುದನ್ನು ಕಡಿಮೆ ಮಾಡಿದರು, ಆದರೆ ಹೊಗಳಲಿಲ್ಲ. ‘ಪರವಾಗಿಲ್ಲ, ಹಳೆಯದರ ಹತ್ತಿರಕ್ಕೂ ಬರಲ್ಲ’ ಅಂದರು. ಅಸುರನ ಜಾಗಕ್ಕೆ ಬಂದ ತುಕ್ಕಜ್ಜಿಯ, ಅಂದರೆ ಅಕ್ಕನ, ಮೊದಲ ಕಂತಿನಲ್ಲೂ ಸುಧಾರಿಸದಿದ್ದರೆ ನಿಲ್ಲಿಸುತ್ತೇವೆ ಅಂತ ವಾಹಿನಿಯವರು ಹೇಳಿಬಿಟ್ಟಿದ್ದರು. ಅಂದರೆ ಅದೊಂದು ಕಂತು ನೆಲ ಕಚ್ಚಿದರೆ ಸಿಡಿಮರಿಯ ಕಥೆ ಎರಡನೆಯ ಸಲವೂ ಮುಗಿದಂತೆ. ಗುಬ್ಬಿಯ ಕಥೆಯೂ ಅಷ್ಟೇ, ನಮ್ಮಕ್ಕ ಮತ್ತೆ ಲಿಫ್ಟಿನ ಬಾಗಿಲಿಗೆ.

ಭಾನುವಾರ ಬೆಳಿಗ್ಗೆ ಅಕ್ಕ ಟೀವಿಯ ಮುಂದೆ ಕೂತಳು. ಕೈಯಲ್ಲಿ ಕಡಲೆಬೀಜದ ಬಟ್ಟಲು, ಒಂದು ಕಾಳೂ ಬಾಯಿಗೆ ಹೋಗಲಿಲ್ಲ. ನಾನು ಆಣೆ ಮಾಡಿದವಳಲ್ಲವೇ, ಟೀವಿಗೆ ಬೆನ್ನು ಹಾಕಿ ಯಾರದೋ ರವಿಕೆಯ ಗುಂಡಿ ಹಚ್ಚುತ್ತಿದ್ದೆ.

“ಬಾ ಮಗು” ಅಂತು ಟೀವಿ. “ಊಟ ಆಯ್ತಾ? ಎಷ್ಟು ಸೊರಗಿದೀಯ. ಬಾ, ಒಂದ್ಸಲ ತಲೆ ಸವರ್ತೀನಿ.”

ನನ್ನ ಸೂಜಿ ನಿಂತಿತು. ಗುಡುಗಿಲ್ಲ, ಕೇಕೆಯಿಲ್ಲ. ಇಷ್ಟು ವರ್ಷ ಅಕ್ಕ ನನಗೆ ಅನ್ನ ಬಡಿಸುವಾಗ ಮಾತಾಡಿದ ದನಿಯೇ ಅದು. ತಿರುಗಿ ನೋಡದೆ ಇರಲಾಗಲಿಲ್ಲ. ತೆರೆಯ ಮೇಲೆ ಒಬ್ಬಳು ಬೆಚ್ಚಗಿನ ನಗುವಿನ ಮುದುಕಿ ಕೈ ಚಾಚಿಕೊಂಡು ನಡೆದು ಬರುತ್ತಿದ್ದಳು. ಅವಳು ಸವರಿದ ಗೇಟು ಪುಡಿಯಾಗಿ ಉದುರಿತು. ಸವರಿದ ಸೈಕಲ್ಲು ಕೆಂಪು ಹುಡಿಯಾಯಿತು. ಊರಿನ ಹುಡುಗರೆಲ್ಲ ಅವಳ ಮಾತಿಗೆ ಮರುಳಾಗಿ ಒಬ್ಬೊಬ್ಬರೇ ಹತ್ತಿರ ಹೋಗುತ್ತಿದ್ದರು. ಅವಳು ಸಿಡಿಮರಿಯ ಭುಜ ಮುಟ್ಟಿದಳು. ಅವನ ಒಂದು ತೋಳು ಸೆಟೆದು ನಿಂತಿತು.

“ನೋವಾಯ್ತಾ ಕಂದಾ? ಹೋಗ್ಬಿಡು. ಮನೇಗೆ ಹೋಗಿ ಮಲ್ಕೋ. ಯಾರೂ ಏನೂ ಅನ್ನಲ್ಲ.”

ಹುಡುಗ ಅಳು ತಡೆದುಕೊಂಡ. “ನಂಗೆ ಭಯ ಆಗ್ತಿದೆ ಅಜ್ಜಿ,” ಅಂದ. ಗುಬ್ಬಿಯ ದನಿ ಅನ್ನುವುದು ನನಗೆ ಮರೆತೇಹೋಗಿತ್ತು. “ತುಂಬಾ ಭಯ ಆಗ್ತಿದೆ. ಆದ್ರೆ ಇವರನ್ನ ಬಿಟ್ಟು ಹೋಗಲ್ಲ.”

ರವಿಕೆ ಎಲ್ಲಿ ಬಿತ್ತೋ, ಗುಂಡಿ ಎಲ್ಲಿ ಉರುಳಿತೋ. ನಾನು ಟೀವಿಯ ಮುಂದೆ ನಿಂತಿದ್ದೆ. “ಬಿಡ್ಬೇಡ ಕಣೋ! ಒಂದು ಕೈ ಇದೆಯಲ್ಲ, ಹಾಕು ಆ ಹಾಳು ಮುದುಕಿಗೆ!”

“ಯಾವ ಮುದುಕಿಗೇ?” ಅಂದಳು ಪಕ್ಕದಿಂದ ಅಕ್ಕ.

“ಶ್, ಸುಮ್ನಿರೇ ಅಕ್ಕಾ” ಅಂದೆ ನಾನು, ತಿರುಗಿಯೂ ನೋಡದೆ. “ಹುಡುಗ ಏನೋ ಹೇಳ್ತಿದಾನೆ, ಕೇಳಿಸ್ತಿಲ್ಲ.”