ನಸ್ರುಲ್ಲಾ ಉಜ್ಜಿದ ಫೋರ್ಕ್

ಶಿರಾದ ಬಸ್ ನಿಲ್ದಾಣದ ಹಿಂದೆ ನಸ್ರುಲ್ಲಾ ಅವರ ಅಂಗಡಿ. ಮೂವತ್ತೊಂದು ವರ್ಷದಿಂದ ಅವರದು ಒಂದೇ ಕೆಲಸ: ಬೈಕಿನ ಮುಂದಿನ ಚಕ್ರ ಹಿಡಿದು ಏಟು ನುಂಗುವ ಜೋಡಿ ಕೊಳವೆ, ಅಂದರೆ ಫೋರ್ಕ್, ರಿಪೇರಿ ಮಾಡುವುದು. ಹ್ಯಾಂಡಲ್ ಹಿಡಿದು ಒಮ್ಮೆ ಅದುಮಿದರೆ ಸಾಕು, ಒಳಗೆ ಎಲ್ಲಿ ಉಜ್ಜುತ್ತಿದೆ ಎಂದು ಹೇಳಿಬಿಡುತ್ತಾರೆ. ತುಕ್ಕು ಹಿಡಿದ ಪೈಪನ್ನು ಎಮರಿ ಕಾಗದದಲ್ಲಿ ನಯ ಮಾಡಿ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್ ಬದಲಿಸಿ, ಆಯಿಲ್ ತುಂಬಿ ಕಳಿಸುತ್ತಾರೆ. ಹುಲಿಕುಂಟೆಯ ಹಾಲಿನ ಗಾಡಿಯವರಿಗೂ ಅವರೇ ಬೇಕು.

ಬಡವನಹಳ್ಳಿಯ ಲೋಹಿತಾ ತಂದದ್ದು ಬೆಟ್ಟ ಹತ್ತುವ ಸೈಕಲ್. ಭಾನುವಾರ ಮಧುಗಿರಿಯಲ್ಲಿ ರಾಜ್ಯ ತಂಡದ ಆಯ್ಕೆಗೆ ರೇಸ್. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಅದಕ್ಕೂ ಮುಂದೆ ಬೈಕಿನಂಥದೇ ಫೋರ್ಕ್, ಆದರೆ ಸಣ್ಣ ಕಲ್ಲಿಗೆ ಅಲುಗುತ್ತಲೇ ಇರಲಿಲ್ಲ. ಇಳಿಜಾರಿನಲ್ಲಿ ಕೈ ಜೋಮು ಹಿಡಿದು ಬ್ರೇಕ್ ಒತ್ತಲೂ ಆಗುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ನಸ್ರುಲ್ಲಾ ಬಿಚ್ಚಿದರು. ಸೀಲಿನ ಕೆಳಗಿನ ಸ್ಪಂಜಿನ ಬಳೆ ಒಣಗಿತ್ತು. ಅದನ್ನು ಆಯಿಲಿನಲ್ಲಿ ನೆನೆಸಿದ್ದರೆ ಸಾಕಿತ್ತು. ಆದರೆ ಪೈಪಿನ ಮೇಲ್ಭಾಗದಲ್ಲಿ ಒಂದು ಕಪ್ಪು ಕಲೆ ಕಂಡಿತು. ರೂಢಿಯಂತೆ ಕೈ ಎಮರಿ ಕಾಗದಕ್ಕೆ ಹೋಯಿತು. ಕಲೆಯ ಜೊತೆ ಪೈಪಿನ ಚಿನ್ನದ ಬಣ್ಣದ ಲೇಪವೂ ಹೋಗಿ ಬಿಳಿ ಅಲ್ಯೂಮಿನಿಯಂ ಕಂಡಿತು. ಇದು ಬೈಕಿನ ಉಕ್ಕಲ್ಲ, ಪೈಪು ಜಾರುವುದೇ ಆ ತೆಳು ಲೇಪದಿಂದ ಎಂದು ಆಗ ಹೊಳೆಯಿತು.

ಜೋಡಿಸಿ ಅದುಮಿದರು. ಅರ್ಧದವರೆಗೆ ನುಣ್ಣಗೆ ಇಳಿದು, ಉಜ್ಜಿದ ಜಾಗ ಸೀಲಿಗೆ ತಾಗಿದೊಡನೆ ಕಚ್ಚಿ ನಿಂತಿತು. ತೊಳೆದರು, ಗ್ರೀಸ್ ಸವರಿದರು, ಚಕ್ರದ ಆಕ್ಸಲ್ ಸಡಿಲಿಸಿ ನೇರ ಕೂರಿಸಿದರು. ಮೂರು ಸಲವೂ ಅದೇ ಜಾಗ.

ನಾಲ್ಕು ಗಂಟೆಗೆ ಲೋಹಿತಾ ಬಂದಳು. "ಏನ್ ಚಾಚಾ, ನನ್ ಸೈಕಲ್‌ಗೆ ಮದ್ವೆನಾ? ಬೆಳಗ್ಗಿಂದ ಎಣ್ಣೆ ಹಚ್ತಾನೇ ಇದ್ದೀರಲ್ಲ!"

'ಹಳೆಯ ಫೋರ್ಕ್, ಮೊದಲೇ ಸವೆದಿತ್ತು' ಎಂದು ನಸ್ರುಲ್ಲಾ ಹೇಳಿದ್ದರೆ ಅವಳು ನಂಬುತ್ತಿದ್ದಳು.

"ಹಾಳ್ ಮಾಡ್ಬುಟ್ಟೆ ಕಣಮ್ಮ. ನಾನೇ. ಎಮರಿ ಹಾಕ್ಬುಟ್ಟೆ."

ಅವಳು ಬಿಳಿ ಜಾಗವನ್ನು ಬೆರಳಲ್ಲಿ ಸವರಿದಳು. "ಬೇರೆದು ಹಾಕಿ."

"ತುಮಕೂರ್‌ಗೂ ಫೋನ್ ಮಾಡ್ದೆ. ಬರಕ್ಕೆ ನಾಕ್ ದಿನ ಅಂತೆ."

"ನಾಳೆ ಎಂಟಕ್ಕೆ ರೇಸು!"

"ಗೊತ್ತು."

"ಗೊತ್ತು ಅಂದ್ಬುಟ್ರೆ ಆಯ್ತಾ?"

ನಸ್ರುಲ್ಲಾ ತಲೆ ಎತ್ತಲಿಲ್ಲ. "ಒಂದೇ ದಾರಿ. ಇದ್ರೊಳಗೆ ಸ್ಪ್ರಿಂಗ್ ಬದ್ಲು ಗಾಳಿ ಇರೋದು. ಅದನ್ನ ಜಾಸ್ತಿ ತುಂಬಿದ್ರೆ ಫೋರ್ಕ್ ಗಟ್ಟಿಯಾಗಿ ಅಲ್ಲಿಗಂಟ ಇಳಿಯಲ್ಲ, ಕಚ್ಚಲ್ಲ. ಆದ್ರೆ ಕಲ್ಲಿನ ಏಟೆಲ್ಲಾ ನಿನ್ ಕೈಗೇ."

"ಮೊದ್ಲಿಗಿಂತ ಕಷ್ಟ."

"ಹೂಂ."

ಅವಳು ಸೈಕಲ್ಲನ್ನು ಅವರ ಕಡೆ ತಳ್ಳಿ, "ತುಂಬಿ" ಎಂದಳು.

ಭಾನುವಾರ ನಸ್ರುಲ್ಲಾ ಅಂಗಡಿ ಮುಚ್ಚಿ ಮಧುಗಿರಿಗೆ ಹೋದರು. ಮೊದಲ ಆರು ಮಂದಿ ಆಯ್ಕೆಯಾದರು. ಲೋಹಿತಾ ಒಂಬತ್ತನೆಯವಳಾಗಿ ಬಂದಳು. ನಿಂತ ಮೇಲೂ ಅವಳ ಬೆರಳುಗಳು ಹ್ಯಾಂಡಲ್ ಬಿಡಲಿಲ್ಲ. ನಸ್ರುಲ್ಲಾ ಒಂದೊಂದಾಗಿ ಬಿಡಿಸಿದರು. ಅಂಗೈ ಸುಲಿದು ಹೋಗಿತ್ತು.

"ಫೋರ್ಕ್ ಕಚ್ಚಲಿಲ್ಲ ಚಾಚಾ," ಎಂದಳು. "ಒಂದ್ ಸಲಾನೂ."