ಕೈಕೊಡದ ಗಾಡಿಯ ಒಡತಿ

ಅಕ್ಟೋಬರಿನ ಕೊನೆಯ ಭಾನುವಾರ, ಇನ್ನೂ ಬೆಳಕು ಹರಿದಿಲ್ಲ. ಪಶ್ಚಿಮ ಪೆನ್ಸಿಲ್ವೇನಿಯದ ಗುಡ್ಡಗಳ ಸಂದಿಯಲ್ಲಿರುವ ಹಾಲೋಬ್ರುಕ್ ಎಂಬ ಊರಿನಲ್ಲಿ ನಾಯಿಗಳೂ ಮುದುಡಿಕೊಂಡು ಮಲಗಿವೆ. ರೋಸೆಲ್ಲಾ ಹುಡಾಕ್ ಮಾತ್ರ ಗ್ಯಾರೇಜಿನ ಬಾಗಿಲು ಮೇಲೆತ್ತಿ, ತಣ್ಣಗೆ ಕೊರೆಯುವ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ತಮ್ಮ ಮೋಟಾರ್ ಸೈಕಲ್ಲಿನ ಪಕ್ಕದ ಚೀಲಕ್ಕೆ ಸಾಮಾನು ತುಂಬುತ್ತಿದ್ದಾರೆ. ಮೂರು ನಮೂನೆಯ ಸ್ಪಾರ್ಕ್ ಪ್ಲಗ್ಗು, ಒಂದು ಸುತ್ತು ತಂತಿ, ಪೆಟ್ರೋಲ್ ಪೈಪಿನ ತುಂಡು, ಒಂದು ಡಬ್ಬಿ ಆಯಿಲ್, ಕ್ಲಚ್ ಕೇಬಲ್ಲು, ಸೊಂಟನೋವಿನ ಮುಲಾಮು, ಓದುವ ಕನ್ನಡಕ ಎರಡು ಜೊತೆ. ಇವುಗಳಲ್ಲಿ ಒಂದೇ ಒಂದು ಸಾಮಾನೂ ಅವರ ಗಾಡಿಗೆ ಬೇಕಾದದ್ದಲ್ಲ.

"ತಂತಿ ವಾಲ್ಟ್‌ಗೆ, ಕೇಬಲ್ಲು ಚಿಕ್‌ಗೆ, ಮುಲಾಮು ಇಬ್ರಿಗೂ," ಎನ್ನುತ್ತಾರೆ ರೋಸೆಲ್ಲಾ. "ಚಿಕ್ಕ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗುವಾಗ ಬದಲಿ ಬಟ್ಟೆ ಇಟ್ಕೊಳಲ್ವಾ, ಹಂಗೇ ಇದು. ಈ ಮಕ್ಕಳಿಗೆ ಎಪ್ಪತ್ತು ದಾಟಿದೆ ಅಷ್ಟೇ."

ಐವತ್ತೆಂಟರ ರೋಸೆಲ್ಲಾ ವಾರದ ಐದು ದಿನ ಶಾಲೆಯ ಹಳದಿ ಬಸ್ಸು ಓಡಿಸುತ್ತಾರೆ. ಆರನೆಯ ದಿನ ಬಟ್ಟೆ ಒಗೆಯುತ್ತಾರೆ. ಏಳನೆಯ ದಿನದ ಕೆಲಸಕ್ಕೆ ಸಂಬಳವಿಲ್ಲ, ಅದನ್ನು ಕೆಲಸವೆಂದು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹಳೆಯ ಮೋಟಾರ್ ಸೈಕಲ್ಲುಗಳನ್ನು ಸಾಕಿಕೊಂಡಿರುವ ಊರಿನ ಮುದುಕರು ಪ್ರತಿ ಭಾನುವಾರ ಮಿಲಿಯ ಹೋಟೆಲಿನ ಮುಂದೆ ಕೂಡಿ, ಗುಡ್ಡ ಸುತ್ತಲು ಹೊರಡುತ್ತಾರೆ. ಸಾಲಿನ ತೀರ ಕೊನೆಯಲ್ಲಿ ರೋಸೆಲ್ಲಾ ಹೋಗಬೇಕು. ದಾರಿಯಲ್ಲಿ ಯಾರ ಗಾಡಿ ನಿಂತರೂ ನಿಂತು, ರಿಪೇರಿ ಮಾಡಿ, ಎಂಜಿನ್ ಹತ್ತಿಸಿ ಕಳಿಸಬೇಕು. ಉದುರಿದ ನಟ್ಟು ಬೋಲ್ಟು ಆರಿಸಿಕೊಂಡು ಬರಬೇಕು. ಒಮ್ಮೆ ಯಾರದೋ ಸೈಲೆನ್ಸರನ್ನೇ ಮಡಿಲಲ್ಲಿ ಹಾಕಿಕೊಂಡು ಬಂದದ್ದುಂಟು. ಈ ಸೇವೆಗೆ ಮುದುಕರು ಅವರಿಗೆ ಕೊಟ್ಟಿರುವ ಬಿರುದು 'ಬಾಲ'.

ಅವರ ಗಾಡಿಯನ್ನು ನೋಡಿದವರು ಅರವತ್ತರ ದಶಕದ್ದೆಂದು ಆಣೆಯಿಟ್ಟು ಹೇಳಬೇಕು, ಹಾಗಿದೆ. ಕಡುಹಸಿರು ಟ್ಯಾಂಕು, ಉರುಟು ದೀಪ, ತಂತಿಕಡ್ಡಿಯ ಚಕ್ರ, ಬಟಾಣಿಕಾಯಿಯ ಆಕಾರದ ಎರಡು ಸೈಲೆನ್ಸರು. ಹುಟ್ಟಿದ್ದು ಮಾತ್ರ ಎಂಟು ವರ್ಷದ ಹಿಂದೆ. ಒಳಗಿರುವುದೆಲ್ಲ ಕಂಪ್ಯೂಟರಿನ ಕಾರುಬಾರು, ಹೊರಗೆ ಅಜ್ಜನ ಕಾಲದ ವೇಷ. ಎಂಜಿನ್ನಿನ ಪಕ್ಕದಲ್ಲಿ ಹಳೆಯ ಕಾರ್ಬುರೇಟರಿನಂತೆ ಕಾಣುವ ಎರಡು ಉಂಡೆಗಳಿವೆ. ಅವು ಕಾರ್ಬುರೇಟರಲ್ಲ, ಒಳಗೆ ಪೆಟ್ರೋಲ್ ಚಿಮ್ಮಿಸುವ ಹೊಸ ಉಪಕರಣವನ್ನು ಮುಚ್ಚಿಟ್ಟಿರುವ ಬುರುಡೆಗಳು. ರೋಸೆಲ್ಲಾ ಆ ಬುರುಡೆಗಳನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಫಳಫಳ ಇಟ್ಟಿದ್ದಾರೆ.

ಪೆಟ್ರೋಲ್ ಹಾಕಿಸಲು ನಿಂತರೆ ಯಾರಾದರೊಬ್ಬ ಕಾರಿನಿಂದಿಳಿದು ಬಂದೇ ಬರುತ್ತಾನೆ. "ನಮ್ಮಪ್ಪನ ಹತ್ರ ಥೇಟ್ ಇಂಥದ್ದೇ ಇತ್ತು ಕಣ್ರೀ! ಎಷ್ಟನೇ ಇಸವಿದು?"

"ಮೊದಮೊದಲು ನಿಜ ಹೇಳ್ತಿದ್ದೆ," ಎನ್ನುತ್ತಾರೆ ರೋಸೆಲ್ಲಾ. "ಪಾಪ, ಅವರ ಮುಖ ಇಷ್ಟೇ ಆಗೋದು. ಸತ್ತ ಅಪ್ಪ ಎರಡನೇ ಸಲ ಸತ್ತಂಗೆ. ಈಗ 'ಚೆನ್ನಾಗಿ ನೋಡ್ಕೊಂಡಿದೀನಿ' ಅಂತೀನಿ. ಅದು ಸುಳ್ಳಲ್ವಲ್ಲ."

ಸುಳ್ಳು ಖಂಡಿತ ಅಲ್ಲ. ಈ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಇಂಥ ಗಾಡಿಯ ಹೊಳಪನ್ನು ತಿಂದು ತೇಗುತ್ತದೆ. ಆದ್ದರಿಂದ ಹಿಮ ಬೀಳುವ ಮೊದಲೇ ಒಂದೊಂದು ಕಡ್ಡಿಗೂ ಮೇಣ ಸವರಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಚಾದರ ಹೊದಿಸಿ ಮಲಗಿಸುತ್ತಾರೆ. ಬೇಸಿಗೆಯಲ್ಲಿ ಓಡಿಸಿ ಬಂದ ಬಿಸಿಗೇ ಚೈನಿಗೆ ಎಣ್ಣೆ ಕುಡಿಸುತ್ತಾರೆ. ಒಂದು ವರ್ಷ ಇಲಿಯೊಂದು ಗಾಳಿಪೆಟ್ಟಿಗೆಯಲ್ಲಿ ಬಾಣಂತನ ಮಾಡಿಕೊಂಡಿತ್ತು. ಅದನ್ನೂ ಮರಿಗಳನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು ಪಕ್ಕದ ಹೊಲದವರೆಗೆ ಒಯ್ದು ಬಿಟ್ಟುಬಂದರು, ಆಮೇಲೆ ಗಾಡಿಯ ಮುಂದೆ ಕೂತು ಅರ್ಧ ದಿನ ಬೈದರು.

ಇಷ್ಟು ಅಕ್ಕರೆಗೆ ಮೂಲ ಅವರ ತಂದೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸ್ಟೀವ್ ಹುಡಾಕ್ ಅವರ ಬಳಿ ನಿಜವಾದ ಹಳೆಯ ಗಾಡಿಯಿತ್ತು, ಇದೇ ಹಸಿರು. ಪ್ರತಿ ಭಾನುವಾರ ಅದನ್ನು ಬಿಚ್ಚುತ್ತಿದ್ದರು. ಪುಟ್ಟ ರೋಸೆಲ್ಲಾ ಟಾರ್ಚು ಹಿಡಿದು ನಿಲ್ಲಬೇಕು, ಕೈ ಅಲುಗಿದರೆ ಬೈಸಿಕೊಳ್ಳಬೇಕು. "ಸರಿಯಾದ ತಕ್ಷಣ ನಿನ್ನ ಹಿಂದೆ ಕೂರಿಸ್ಕೊಂಡು ಹೋಗ್ತೀನಿ ಅಂತಿದ್ರು. ಅದು ಸರಿಯಾಗ್ಲೇ ಇಲ್ಲ. ಅಪ್ಪ ಹೋದ್ರು, ಗಾಡಿನೂ ಯಾರೋ ತಗೊಂಡು ಹೋದ್ರು. ನಂಗೆ ಅದೇ ಮುಖದ್ದು ಬೇಕಿತ್ತು, ಆದ್ರೆ ಹೊರಡೋಂಥದ್ದು ಬೇಕಿತ್ತು."

ನಡುವೆ ಗಂಡ ಗ್ಯಾರಿ ಬಿಟ್ಟುಹೋದ. ಹೋಗುವಾಗ ಒಳ್ಳೆಯ ಸ್ಪ್ಯಾನರ್ ಸೆಟ್ಟನ್ನೂ ಹೊತ್ತೊಯ್ದ. "ಗಂಡನಿಗೋಸ್ಕರ ಒಂದು ವಾರ ಅತ್ತಿದ್ದೆ. ಸ್ಪ್ಯಾನರ್ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ," ಎಂದು ನಗುತ್ತಾರೆ.

ಮಿಲಿಯ ಹೋಟೆಲಿನ ಮುಂದೆ ಎಲ್ಲ ಸೇರುವ ಹೊತ್ತಿಗೆ ಬಿಸಿಲು ಬಂದಿದೆ. ಕಿಟಕಿಯ ಎದುರು ಹಳೆಯ ಗಾಡಿಗಳ ಸಾಲು. ಆಯಿಲ್ ತೊಟ್ಟಿಕ್ಕಿ ನೆಲ ಹಾಳಾಗದಿರಲೆಂದು ಒಂದೊಂದರ ಕೆಳಗೂ ರಟ್ಟಿನ ತುಂಡು. ರೋಸೆಲ್ಲಾರ ಗಾಡಿ ಹಿಂಬದಿಯಲ್ಲಿ, ಕಸದ ತೊಟ್ಟಿಯ ಪಕ್ಕ. ಆ ಸಾಲಿಗೆ ಸೇರಲು ಗಾಡಿಗೆ ವಯಸ್ಸಾಗಿರಬೇಕೆಂದೇನೂ ಇಲ್ಲ. ಇವರ ಕಟ್ಟಳೆ ಒಂದೇ: ಗಾಡಿ ಎಲ್ಲರ ಕಣ್ಣೆದುರು, ನಡುದಾರಿಯಲ್ಲಿ, ಒಮ್ಮೆಯಾದರೂ ಕೈಕೊಟ್ಟಿರಬೇಕು. ಎಂಟು ವರ್ಷದಲ್ಲಿ ರೋಸೆಲ್ಲಾರ ಗಾಡಿ ಒಮ್ಮೆಯೂ ಕೈಕೊಟ್ಟಿಲ್ಲ. ಅವರು ಎಂಟು ವರ್ಷದಿಂದ ಬಾಲವಾಗಿಯೇ ಇದ್ದಾರೆ.

"ನಿಂದು ಗಾಡಿ ಅಲ್ಲ ಕಣಮ್ಮ, ಟೋಸ್ಟರು," ಎಂದು ಮೊಟ್ಟೆ ಬಾಯಿಗಿಡುತ್ತ ಹೇಳುತ್ತಾರೆ ಗುಂಪಿನ ಹಿರಿಯ ವಾಲ್ಟ್ ಸ್ಟೈನ್ಮೆಟ್ಜ್. ವಯಸ್ಸು ಎಪ್ಪತ್ತೇಳು, ಅಂಚೆ ಹಂಚಿ ನಿವೃತ್ತರಾದವರು. "ಗುಂಡಿ ಒತ್ತಿದ್ರೆ ಬಿಸಿಯಾಗುತ್ತೆ. ಅದ್ರಲ್ಲಿ ಏನಿದೆ ಮಜಾ?"

"ನಿಮ್ಮ ಮಜಾನೆಲ್ಲ ನಾನು ತಾನೇ ರಸ್ತೇಲಿ ಆರಿಸ್ಕೊಂಡು ಬರೋದು?" ಎನ್ನುತ್ತಾರೆ ರೋಸೆಲ್ಲಾ.

"ಅದಕ್ಕೇ ನಿನ್ನನ್ನ ಇಟ್ಕೊಂಡಿರೋದು," ಎಂದು ಪಕ್ಕದಿಂದ ಚಿಕ್ ಡಿಮಾರ್ಕೊ ಒಗ್ಗರಣೆ ಹಾಕುತ್ತಾರೆ. ಅವರು ಊರಿನ ಹಳೆಯ ಕ್ಷೌರಿಕರು. ಊರಿನವರ ತಲೆಯನ್ನೆಲ್ಲ ನುಣ್ಣಗೆ ಮಾಡಿದ ಕೈ, ತಮ್ಮ ಗಾಡಿಯನ್ನು ಮಾತ್ರ ಇವತ್ತಿಗೂ ಸರಿಮಾಡಿಲ್ಲ.

ರೋಸೆಲ್ಲಾ ನಗುತ್ತಾರೆ. ಆದರೆ ಬೇಜಾರಿಲ್ಲವೇ ಎಂದು ಕೇಳಿದರೆ ಮುಚ್ಚಿಡುವುದಿಲ್ಲ. "ಬೇಜಾರಾಗುತ್ತೆ ಕಣ್ರೀ. ಸುಮ್ನೆ ಒಂದು ವೈರ್ ಕಿತ್ತು ನಾಟಕ ಆಡೋದು ಎಷ್ಟೊತ್ತಿನ ಕೆಲ್ಸ? ಆದ್ರೆ ಇಷ್ಟು ನೋಡ್ಕೊಂಡಿರೋ ಗಾಡಿ ಮೇಲೆ ನಾನೇ ಚಾಡಿ ಹೇಳಿದಂಗಲ್ವಾ?"

ಇದು ವರ್ಷದ ಕೊನೆಯ ಸವಾರಿ. ಮುಂದಿನ ವಾರದಿಂದ ರಸ್ತೆಗೆ ಉಪ್ಪು ಬೀಳುತ್ತದೆ, ಇನ್ನು ಏಪ್ರಿಲ್ಲಿಗೇ ಸೇರುವುದು. ಹನ್ನೊಂದು ಗಾಡಿ ಗುಡುಗುಡು ಎಂದು ಹೊರಡುತ್ತವೆ, ಹಿಂದೆ ರೋಸೆಲ್ಲಾ ಹೊಗೆ ಕುಡಿಯುತ್ತ ಹೊರಡುತ್ತಾರೆ. ಗುಡ್ಡದ ನೆತ್ತಿಯ ತಿರುವಿನಲ್ಲಿ ವಾಲ್ಟ್‌ರ ಗಾಡಿ ಕೆಮ್ಮಿ ನಿಲ್ಲುತ್ತದೆ. ಎಲ್ಲರೂ ನಿಲ್ಲುತ್ತಾರೆ. ಸೆಕೆಯಾಯಿತೆಂದು ವಾಲ್ಟ್ ತಮ್ಮ ದಪ್ಪ ಚರ್ಮದ ಕೋಟು ಬಿಚ್ಚಿ ರೋಸೆಲ್ಲಾರ ಹ್ಯಾಂಡಲ್ಲಿನ ಬಲಗಡೆಗೆ ನೇತುಹಾಕುತ್ತಾರೆ. ರೋಸೆಲ್ಲಾ ತಂತಿ ತೆಗೆದು, ಕಳಚಿದ್ದನ್ನು ಬಿಗಿದು, ವಾಲ್ಟ್‌ರ ಗಾಡಿಯನ್ನು ಸ್ಟಾರ್ಟ್ ಮಾಡಿಕೊಡುತ್ತಾರೆ. ವಾಲ್ಟ್ ಕೋಟನ್ನು ಸರಕ್ಕನೆ ಎಳೆದುಕೊಂಡು ತೊಡುತ್ತಾರೆ.

ಆಮೇಲೆ ರೋಸೆಲ್ಲಾ ತಮ್ಮ ಗಾಡಿ ಏರಿ ಗುಂಡಿ ಒತ್ತುತ್ತಾರೆ. ಸದ್ದಿಲ್ಲ. ಮತ್ತೆ ಒತ್ತುತ್ತಾರೆ. ದೀಪ ಉರಿಯುತ್ತಿದೆ, ಎಂಜಿನ್ನು ಮಾತ್ರ ಮಿಸುಕುವುದಿಲ್ಲ.

ಮರುಗಳಿಗೆ ಹನ್ನೊಂದು ಜನ ಮುದುಕರು, ಸಂಧಿವಾತ ಮರೆತು, ಅವರತ್ತ ಓಡಿಬರುತ್ತಾರೆ.

"ನಿಂತ್ಹೋಯ್ತಾ?" ವಾಲ್ಟ್‌ರ ದನಿಯಲ್ಲಿ ಕರುಣೆಯೂ ಇದೆ, ಹಬ್ಬವೂ ಇದೆ. "ಟೋಸ್ಟರು ನಿಂತ್ಹೋಯ್ತಾ?"

ರೋಸೆಲ್ಲಾ ಕೆಳಗೆ ನೋಡುತ್ತಾರೆ. ಬಲಗೈಯ ಹಿಡಿಯ ಪಕ್ಕ ಒಂದು ಕೆಂಪು ಸ್ವಿಚ್ಚಿದೆ, ಅಪಾಯದಲ್ಲಿ ಎಂಜಿನ್ ನಿಲ್ಲಿಸಲೆಂದು ಕೊಟ್ಟದ್ದು. ವಾಲ್ಟ್ ಕೋಟು ಎಳೆದ ರಭಸಕ್ಕೆ ಅದು ಆಫ್ ಆಗಿದೆ. ಹೆಬ್ಬೆರಳಲ್ಲಿ ತಟ್ಟಿದರೆ ಮುಗಿಯಿತು. ಹೆಬ್ಬೆರಳು ಅದರ ಮೇಲೇ ಇದೆ.

ಅಷ್ಟರಲ್ಲಿ ಚಿಕ್ ಬಂದು ಗಾಡಿಯ ಪಕ್ಕ ಮಂಡಿಯೂರಿಯಾಗಿದೆ. ಎಂಟು ವರ್ಷದಲ್ಲಿ ಮೊದಲ ಸಲ ಯಾರೋ ರೋಸೆಲ್ಲಾರ ಗಾಡಿಯ ಬಳಿ ಮಂಡಿಯೂರಿದ್ದಾರೆ. ವಾಲ್ಟ್ ಕೋಟಿನ ತೋಳು ಮಡಚುತ್ತಾರೆ. ಒಬ್ಬರು ಟಾರ್ಚು ಹಿಡಿಯುತ್ತಾರೆ, ನಡುಹಗಲಿನಲ್ಲಿ. ಇನ್ನೊಬ್ಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, "ಗಾಬರಿ ಆಗ್ಬೇಡ ರೋಸಿ, ನಾವಿದೀವಿ," ಎಂದು ಕೈಗಿಡುತ್ತಾರೆ.

ರೋಸೆಲ್ಲಾ ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಂಡು ಕಾಫಿ ಲೋಟ ಹಿಡಿಯುತ್ತಾರೆ.

"ಕಾರ್ಬುರೇಟರಲ್ಲಿ ಕಸ ಕೂತಿದೆ, ಬರೆದಿಟ್ಕೋ," ಎಂದು ಚಿಕ್ ಬುರುಡೆಯ ಮುಚ್ಚಳ ಬಿಚ್ಚುತ್ತಾರೆ. ಇಣುಕುತ್ತಾರೆ. ಕನ್ನಡಕ ಹಾಕಿಕೊಂಡು ಮತ್ತೆ ಇಣುಕುತ್ತಾರೆ. "ಲೋ ವಾಲ್ಟ್, ಬಾರೋ ಇಲ್ಲಿ. ಕಾರ್ಬುರೇಟರ್ ಒಳಗೆ ಕಾರ್ಬುರೇಟರೇ ಇಲ್ಲ!"

"ದಾರೀಲಿ ಬಿದ್ದೋಯ್ತೇನೋ ನೋಡು," ಎನ್ನುತ್ತಾರೆ ವಾಲ್ಟ್. ಇಬ್ಬರು ನಿಜವಾಗಿಯೂ ಹಿಂದಿನ ತಿರುವಿನ ತನಕ ಹೋಗಿ ಹುಡುಕಿಕೊಂಡು ಬರುತ್ತಾರೆ.

ಸಭೆ ಸೇರುತ್ತದೆ. ಕಂಪ್ಯೂಟರಿಗೆ ಥಂಡಿ ಹಿಡಿದಿದೆ ಎನ್ನುವವರೊಬ್ಬರು, ಪೆಟ್ರೋಲಿಗೆ ಕಲಬೆರಕೆ ಎನ್ನುವವರೊಬ್ಬರು. ಕೊನೆಗೆ ವಾಲ್ಟ್ ತೀರ್ಪು ಕೊಡುತ್ತಾರೆ: "ಇಳಿಜಾರಿದೆ. ತಳ್ಳಿ ಸ್ಟಾರ್ಟ್ ಮಾಡೋಣ. ರೋಸಿ, ಎರಡನೇ ಗೇರಲ್ಲಿ ಕ್ಲಚ್ ಹಿಡ್ಕೊಂಡು ಕೂತ್ಕೋ. ಬಿಡು ಅಂದಾಗ ಬಿಡು."

ಬೇಡವೆನ್ನಲು ರೋಸೆಲ್ಲಾ ಬಾಯಿ ತೆರೆಯುತ್ತಾರೆ. ಹನ್ನೊಂದು ಜೊತೆ ಕೈ ಆಗಲೇ ಬೆನ್ನ ಹಿಂದಿವೆ. ಉಸ್ಸಪ್ಪಾ, ಅಯ್ಯಪ್ಪಾ ಎನ್ನುತ್ತ, ಒಬ್ಬರನ್ನೊಬ್ಬರು ಬೈಯುತ್ತ, ಮುದುಕರು ಗಾಡಿಯನ್ನು ಇಳಿಜಾರಿಗೆ ನೂಕುತ್ತಾರೆ. ವೇಗ ಹಿಡಿಯುತ್ತದೆ. "ಬಿಡು!" ಎಂದು ವಾಲ್ಟ್ ಕಿರಿಚುತ್ತಾರೆ. ಅದೇ ಕ್ಷಣಕ್ಕೆ ರೋಸೆಲ್ಲಾರ ಹೆಬ್ಬೆರಳು ಕೆಂಪು ಸ್ವಿಚ್ಚನ್ನು ತಟ್ಟುತ್ತದೆ. ಎಂಜಿನ್ ಗುಡುಗುತ್ತದೆ.

ಹಿಂದೆ ಎದ್ದ ಕೇಕೆಗೆ ಗುಡ್ಡದ ಕಾಗೆಗಳೆಲ್ಲ ಹಾರುತ್ತವೆ. ಚಿಕ್ ರಸ್ತೆಯಲ್ಲೇ ಕುಣಿಯುತ್ತಾರೆ. ವಾಲ್ಟ್ ಏದುಸಿರು ಬಿಡುತ್ತ ಬಂದು ರೋಸೆಲ್ಲಾರ ಹೆಗಲ ಮೇಲೆ ಕೈಯಿಟ್ಟು, ಮುಖ ಗಂಟುಹಾಕಿ ಹೇಳುತ್ತಾರೆ: "ನೋಡು ರೋಸಿ, ಇನ್ಮೇಲೆ ನೀನು ಕೊನೇಲಿ ಬರೋ ಹಾಗಿಲ್ಲ. ಇಂಥ ಗಾಡಿ ನಂಬ್ಕೊಂಡು ಒಬ್ಳೇ ಹಿಂದೆ ಬರ್ತೀಯಾ? ಎಲ್ಲಾದ್ರೂ ನಿಂತ್ರೆ ಗತಿಯೇನು? ನೀನು ನಮ್ಮ ಮಧ್ಯ ಬಾ. ಚಿಕ್ ಹಿಂದೆ ಇರ್ತಾನೆ."

ವಾಪಸು ಬರುವಾಗ ಬಾಲವಾದ ಚಿಕ್‌ರ ಗಾಡಿ ಎರಡು ಸಲ ನಿಲ್ಲುತ್ತದೆ. ಎರಡು ಸಲವೂ ರೋಸೆಲ್ಲಾರೇ ತಿರುಗಿ ಹೋಗಿ ಸರಿಮಾಡುತ್ತಾರೆ. ಏರ್ಪಾಟು ಬದಲಿಸಬೇಕೆಂದು ಯಾರಿಗೂ ಅನಿಸುವುದಿಲ್ಲ. ಹೋಟೆಲಿನ ಮುಂದೆ ವಾಲ್ಟ್ ತಮ್ಮ ಗಾಡಿಯನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ನೇರಕ್ಕೆ ಜಾಗ ಬಿಡಿಸಿಕೊಡುತ್ತಾರೆ.

ಮಧ್ಯಾಹ್ನ ಮನೆಯ ಗ್ಯಾರೇಜಿನಲ್ಲಿ ರೋಸೆಲ್ಲಾ ಚೈನಿಗೆ ಎಣ್ಣೆ ಹಾಕುತ್ತಿದ್ದಾರೆ. ನಡುನಡುವೆ ಟ್ಯಾಂಕನ್ನು ಸವರಿ, "ನಿನ್ನ ಹೆಸರು ಕೆಡಿಸ್ಬಿಟ್ಟೆ, ತಪ್ಪಾಯ್ತು," ಎಂದು ಸಮಾಧಾನ ಮಾಡುತ್ತಾರೆ. ಸ್ವಿಚ್ಚಿನ ಸಂಗತಿ ಬರೆಯಬಹುದೇ ಎಂದರೆ ಯಾವ ಭಾಷೆಯಲ್ಲಿ ಎಂದು ವಿಚಾರಿಸುತ್ತಾರೆ. ಕನ್ನಡ ಎಂದಾಗ ಕೇಳುತ್ತಾರೆ: "ವಾಲ್ಟ್‌ಗೆ ಅದು ಬರುತ್ತಾ?" ಬರುವುದಿಲ್ಲ. "ಹಾಗಾದ್ರೆ ಧಾರಾಳವಾಗಿ ಬರೀರಿ."

ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಕಿಟಕಿಯೆದುರಿನ ಜಾಗಕ್ಕೇ ಇಷ್ಟು ಸಂತೋಷವೇ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಜಾಗದ ಮಾತು ಬಿಡ್ರೀ. ಎಂಟು ವರ್ಷ ನನ್ನ ಗಾಡಿ ಕನ್ನಡೀಲಿ ಬರೀ ಖಾಲಿ ರಸ್ತೆ ಕಾಣ್ತಿತ್ತು. ಇವತ್ತು ಅದ್ರಲ್ಲಿ ಒಂದು ಲೈಟಿತ್ತು. ಮಂಕು ಲೈಟು, ಎರಡು ಸಲ ಆರ್ಹೋಯ್ತು. ಆದ್ರೂ ನಂಗೋಸ್ಕರ ಹಿಂದೆ ಬರ್ತಿತ್ತು."