ಎರಡು ದುರ್ಬೀನಿನ ಓವರ್ಸಿಯರ್

ನಿಜಾಮರ ಕಾಲದಲ್ಲಿ, ಗಂಗಾವತಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕಾಲುವೆ ಮೋಜಣಿಯ ಓವರ್ಸಿಯರ್ ಬಾಡಿಗೆಗಿದ್ದರು. ಅವರ ಬಳಿ ಎರಡು ದುರ್ಬೀನುಗಳಿದ್ದವು. ಹಗುರಾದದ್ದು ಕೈಗೆ ಹಿತ, ಆದರೆ ಹೊತ್ತು ಇಳಿದರೆ ಅದರಲ್ಲಿ ಎಲ್ಲ ಮಸುಕು, ಅಂಚಿಗೆಲ್ಲ ನೀಲಿ. ಜರ್ಮನಿಯದು ತಕ್ಕಡಿಯ ಕಲ್ಲಿನಷ್ಟು ಭಾರ. ಅಲುಗದೆ ನಿಂತರೆ ಮಾತ್ರ ಮಬ್ಬಿನಲ್ಲೂ ಜಾಲಿಯ ಮುಳ್ಳು ಬೇರೆ ಬೇರೆ ಕಾಣುತ್ತಿದ್ದವು. ಅದಕ್ಕೇ ಅವರು ಅದನ್ನು ಹತ್ತಿರ ನಿಂತವರ ಹೆಗಲ ಮೇಲಿಟ್ಟು, "ಸ್ವಲ್ಪ ಉಸರು ಹಿಡೀರಿ" ಅನ್ನುತ್ತಿದ್ದರು. ಓಣಿಯಲ್ಲಿ ಅವರಿಗಾಗಿ ಉಸಿರು ಹಿಡಿಯದವರು ಕಡಿಮೆ.

ನಮ್ಮ ಹೊಲ ಸರಕಾರದ ಪಾಲಾಗುತ್ತದೆಂದು ಸಿಟ್ಟಾಗಿ ನಮ್ಮವ್ವ ಒಮ್ಮೆ ಕಾಲುವೆ ಹಾಯುವ ಗುರುತಿಗೆ ಅವರು ನೆಟ್ಟಿದ್ದ ಕೆಂಪು ಬಾವುಟ ಕಿತ್ತು ಬದುವಿಗೆ ಒಗೆದಳು. ಅವರು ಬೈಯಲಿಲ್ಲ. ಅಂದು ಸಂಜೆ ಅವ್ವನೂ ನಾನೂ ಇದ್ದ ಹೊಲಕ್ಕೆ ಬಂದು ಅವಳ ಕೈಗೆ ಹಗುರಾದ ದುರ್ಬೀನು ಕೊಟ್ಟರು.

"ಬರೀ ಧೂಳ ಕಾಣತೈತಿ," ಅಂದಳು ಅವ್ವ.

ಜರ್ಮನಿಯದನ್ನು ಕೊಟ್ಟರು. ಭಾರಕ್ಕೆ ಅದು ಅವಳ ಕೈಯಲ್ಲಿ ನೆಟ್ಟಗೆ ನಿಲ್ಲಲಿಲ್ಲ. ಆಗ ಅವರು ಮುಂದೆ ಬಂದು, ಮೊಣಕಾಲು ಬಗ್ಗಿಸಿ, ತಮ್ಮ ಹೆಗಲನ್ನೇ ಕೊಟ್ಟು ಉಸಿರು ಹಿಡಿದರು.

ಅವ್ವ ಬಹಳ ಹೊತ್ತು ನೋಡಿದಳು. "ಬಾವುಟ ನನ್ನ ತವರಿನ ಹೊಲದಮಟ ಹೋಗ್ಯಾವ. ಅಲ್ಲಿಗೂ ನೀರು ಹೋಗತೈತೇನ್ರಿ?"

"ಹೋಗತೈತಿ, ಯವ್ವಾ. ನೀವು ಇಲ್ಲಿ ಒಂದೀಟು ದಾರಿ ಬಿಟ್ರ."

ಅವ್ವ ಬದುವಿನಲ್ಲಿ ಬಿದ್ದ ಬಾವುಟ ಎತ್ತಿಕೊಂಡು, ಅದನ್ನು ಕಿತ್ತಿದ್ದ ಹೊಲದ ತುದಿಗೆ ನಡೆದಳು. ಅವರು ದುರ್ಬೀನನ್ನು ನನ್ನ ಹೆಗಲ ಮೇಲಿಟ್ಟರು. ಹೇಳುವ ಮೊದಲೇ ನಾನು ಉಸಿರು ಹಿಡಿದಿದ್ದೆ.

"ನಿಮ್ಮವ್ವ ಬಾವುಟ ನನಗಿಂತ ಛಲೋ ನಿಲ್ಲಿಸ್ಯಾರ," ಅಂದರು.